ಒಣ ತೂಕ, ಹಸಿ ತೂಕ

ನಮ್ಮ ಮನೆಯ ಬಟ್ಟೆ ಒಗೆಯುವ ಯಂತ್ರಕ್ಕೆ ನೀರು ಹಿಂಡುವ ಹೊತ್ತು ಬಂದರೆ ಮೈಮೇಲೆ ದೇವರು ಬಂದಂತಾಗುತ್ತದೆ. ಮೊನ್ನೆ ಅದು ಬಚ್ಚಲಿನಿಂದ ಅಡುಗೆಮನೆಯ ಹೊಸ್ತಿಲಿಗೆ ಪಾದಯಾತ್ರೆ ಹೊರಟಾಗ ಸೊಸೆ ರಿಪೇರಿಯವನಿಗೆ ಫೋನು ಮಾಡಲು ಎದ್ದಳು. ನಾನು ತಡೆದೆ. ಕುಣಿಯುವ ಯಂತ್ರಗಳ ವಿಷಯದಲ್ಲಿ ನನಗೆ ಒಂದಿಷ್ಟು ಅಧಿಕಾರವುಂಟು, ಓದುಗ ಮಿತ್ರರೇ. ಒಂದನ್ನು ಕುಣಿಸಿದವನೇ ನಾನು.

ಅರವತ್ತರ ದಶಕದ ಮೊದಲಲ್ಲಿ, ಡಿಪ್ಲೊಮಾದ ಶಾಯಿ ಇನ್ನೂ ಆರದ ಮೇಲ್ವಿಚಾರಕನಾಗಿ ದಾವಣಗೆರೆಯ ಹತ್ತಿ ಗಿರಣಿಯೊಂದರ ಬಣ್ಣದ ವಿಭಾಗಕ್ಕೆ ಸೇರಿದೆ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಬಣ್ಣದಲ್ಲಿ ಅದ್ದಿದ ನೂಲಿನ ಲಡಿಗಳನ್ನು ಗಿರಗಿರನೆ ತಿರುಗಿಸಿ ನೀರು ತೆಗೆಯುವ ಕಬ್ಬಿಣದ ತೊಟ್ಟಿಯೊಂದು ಅಲ್ಲಿತ್ತು. ಅದನ್ನು ವರ್ಷಗಳಿಂದ ತುಂಬುತ್ತಿದ್ದವರು ಕಾಸಿಂ ಸಾಬರು, ಬರೀ ಕೈಯಂದಾಜಿನಲ್ಲಿ. ಅಂದಾಜು ಅವೈಜ್ಞಾನಿಕವೆಂದು ಸಾರಿದ ನಾನು, ಲಡಿಗಳನ್ನು ಬಣ್ಣಕ್ಕೆ ಮುಂಚೆಯೇ ತಕ್ಕಡಿಯಲ್ಲಿ ತೂಗಿ, ಸಮತೂಕದ ಕಟ್ಟುಗಳನ್ನು ಎದುರುಬದುರು ಇಡತಕ್ಕದ್ದೆಂದು ನಿಯಮ ಬರೆದು ಗೋಡೆಗೆ ಅಂಟಿಸಿದೆ. ಸಾಬರು ಮಾತು ಬಿಟ್ಟರು. ತೊಟ್ಟಿ ಬೋಲ್ಟು ಸಡಿಲವಾಗುವಷ್ಟು ನಡುಗಹತ್ತಿತು.

ಮ್ಯಾನೇಜರು ಹರಿಹರದಿಂದ ಒಬ್ಬ ಇಂಜಿನಿಯರನ್ನು ಕರೆಸಿದರು. ದೋಷ ಯಂತ್ರದ್ದಲ್ಲವೆಂದಾದರೆ ಮನೆಗೆ ಹೋಗಬೇಕಾದವನು ನಾನು. ಇಂಜಿನಿಯರರ ಜೀಪು ಗೇಟಿಗೆ ಬಂದಾಗ ನನ್ನ ಮುಖ ನೋಡಲಾರದೆ ಸಾಬರೇ ಬಾಯಿಬಿಟ್ಟರು:

“ಒಣದು ತೂಗಿದ್ರೆ ಏನು ಬಂತ್ರಿ? ದಪ್ಪ ನೂಲು ನೀರು ಜಾಸ್ತಿ ಕುಡೀತೈತೆ. ಸರೀರಿ ಅತ್ಲಾಗೆ.”

ಎರಡೂ ಕೈಯಲ್ಲಿ ಒಂದೊಂದು ಹಸಿ ಲಡಿ ಎತ್ತಿ, ಅರೆಗಳಿಗೆ ತೂಗಿ ನೋಡಿ, ಎದುರುಬದುರು ಇಡುತ್ತಾ ತೊಟ್ಟಿ ತುಂಬಿದರು. ತಮ್ಮ ಚಹಾದ ಲೋಟವನ್ನು ಅದರ ತಿರುಗದ ಹೊರಕವಚದ ಅಂಚಿನ ಮೇಲಿಟ್ಟರು. ತೊಟ್ಟಿ ಪೂರ್ಣವೇಗಕ್ಕೆ ಬಂದರೂ ಚಹಾ ಮೆಲ್ಲಗೆ ಕಂಪಿಸಿತೇ ಹೊರತು ಒಂದು ತೊಟ್ಟೂ ತುಳುಕಲಿಲ್ಲ.

ಮ್ಯಾನೇಜರರ ಜೊತೆ ಆಗಷ್ಟೇ ಒಳಗೆ ಬಂದಿದ್ದ ಇಂಜಿನಿಯರರು, ಸರಿ ಮಾಡಿದ್ದು ನಾನೆಂದೇ ತಿಳಿದು ನನ್ನ ಬೆನ್ನು ತಟ್ಟಿ, “ಭೇಷ್!” ಎಂದರು. ಸುಮ್ಮನಿದ್ದರೆ ಕೆಲಸ ಉಳಿಯುತ್ತಿತ್ತು.

“ಕೆಡಿಸಿದವನು ನಾನು ಸಾರ್. ಸರಿ ಮಾಡಿದವರು ಇವರು,” ಎಂದುಬಿಟ್ಟೆ.

ಮ್ಯಾನೇಜರರ ಹುಬ್ಬು ಗಂಟಿಕ್ಕಿತು. ಸಾಬರು ಲೋಟ ಎತ್ತಿಕೊಂಡು, “ಇವ್ರನ್ನ ಕಳಿಸಬ್ಯಾಡ್ರಿ ಸಾಹೇಬ್ರೆ, ನಾನು ಕಲಿಸ್ತೀನಿ,” ಎಂದರು. ಕಲಿಸಿದರು ಕೂಡ. ನನ್ನ ಡಿಪ್ಲೊಮಾ ಯಾವ ಪೆಟ್ಟಿಗೆಯಲ್ಲಿದೆಯೋ ತಿಳಿಯದು. ಕಾಸಿಂ ಸಾಬರ ಶಿಷ್ಯನೆಂಬ ಹೆಮ್ಮೆ ಮಾತ್ರ ಇವತ್ತಿಗೂ ಎದೆಯ ಮೇಲೇ ಇದೆ.

ಮೊನ್ನೆಯೂ ಅಷ್ಟೆ. ಒಂದೇ ಕಡೆ ಮುದ್ದೆಯಾಗಿದ್ದ ಹಸಿ ಟವೆಲ್ಲುಗಳನ್ನು ಎರಡು ಕೈಯಲ್ಲಿ ತೂಗಿ ತೂಗಿ ಹಂಚಿ, ನನ್ನ ಚಹಾದ ಕಪ್ಪನ್ನು ಬಸಿಯ ಸಮೇತ ಯಂತ್ರದ ನೆತ್ತಿಗಿಟ್ಟು, ಗುಂಡಿ ಒತ್ತಿದೆ. ಯಂತ್ರ ನಿಂತಲ್ಲೇ ನಿಂತು ತಿರುಗಿತು.

“ಮಾವಾರೆ, ಕುಣಿಯಾದು ಬಿಟ್ಟೇ ಬಿಡ್ತಲ್ರೀ!” ಎಂದು ಸೊಸೆ ಚಪ್ಪಾಳೆ ತಟ್ಟಿದಳು.

ನಾನು ಬಸಿ ನೋಡುತ್ತಿದ್ದೆ. ಎರಡು ಹನಿ ಚಹಾ ಚೆಲ್ಲಿತ್ತು. ಸಾಬರು ಕಂಡಿದ್ದರೆ ಮತ್ತೆ ತೂಗಲು ಟವೆಲ್ಲು ಹೊರಗೆ ತೆಗೆಸುತ್ತಿದ್ದರು. ನಾನೇ ತೆಗೆದೆ.