ಸುಣ್ಣವಿಲ್ಲದ ಬೂದಿ

ಕೊರೊನಾ ಮುಗಿದ ಮರುವರ್ಷ ನಾನು ತಮಿಳುನಾಡಿನ ಮೆಟ್ಟೂರು ದಾರಿಯ ಒಂದು ಮಿಲ್ಲಿನ ಸಣ್ಣ ಪವರ್ ಪ್ಲಾಂಟಿನಲ್ಲಿ, ಬೂದಿ ವಿಭಾಗದ ಕಾಂಟ್ರಾಕ್ಟ್ ಕೆಲಸಗಾರ್ತಿ. ಅಲ್ಲಿ ಏನಾಯಿತೆಂದು ನೀವು ಕೇಳಿದಾಗಲೆಲ್ಲ ಮಾತು ತಪ್ಪಿಸಿದ್ದೇನೆ, ಮಕ್ಕಳೇ. ಬಾಯಲ್ಲಿ ಹೇಳಲಾಗದ್ದನ್ನು ಬರೆಯುತ್ತೇನೆ.

ಕಲ್ಲಿದ್ದಲಿನ ಹೊಗೆಯೊಡನೆ ಹಾರುವ ನುಣುಪು ಬೂದಿಗೆ ಫ್ಲೈ ಆ್ಯಶ್ ಎನ್ನುತ್ತಾರೆ. ಅದು ಹಾಪರ್ ಎಂಬ ದೊಡ್ಡ ಕಬ್ಬಿಣದ ಆಲಿಕೆಗೆ ಬಿದ್ದು ಕೆಳಗಿನ ಪೈಪಿಗೆ ಇಳಿಯಬೇಕು. ಇಳಿಯದಿದ್ದರೆ ನಾವು ಹೆಂಗಸರು ಆಲಿಕೆಯ ಹೊಟ್ಟೆಗೆ ಮರದ ಕೊಡತಿಯಿಂದ ಹೊಡೆಯುತ್ತಿದ್ದೆವು. ಮಂಕು ಸದ್ದು ಬಂದರೆ ಬೂದಿ ಇದೆ. ಟಣ್ ಎಂದರೆ ಖಾಲಿ. ಆಗ ಬದಿಯ ಬಾಗಿಲು ತೆಗೆದು ಒಳಗೋಡೆಗೆ ಅಂಟಿದ್ದನ್ನು ಸಲಾಕೆಯಿಂದ ಕೆರೆಯಬಹುದು. ನಲ್ಲಂಪಳ್ಳಿ ಕಡೆಯ ಕುರಿ ಸಾಕುವ ಮನೆಯಿಂದ ಬಂದ ಕೆಂಪಮ್ಮ ಸದ್ದು ಕೇಳಿ ಒಪ್ಪಿದ ಮೇಲೆಯೇ ಬಾಗಿಲು ತೆಗೆಯುವುದು ನಮ್ಮ ಪದ್ಧತಿ.

ಆ ವಾರ ಗಂಧಕ ಹೆಚ್ಚಿರುವ ಅಗ್ಗದ ಕಲ್ಲಿದ್ದಲು ಬಂದಿತ್ತು. ನಮಗೆ ಯಾರೂ ಹೇಳಲಿಲ್ಲ. ಗಂಧಕ ಉರಿದರೆ ಹೊಗೆಯಲ್ಲಿ ಆಮ್ಲ ಹುಟ್ಟುತ್ತದೆ. ಬೂದಿಯಲ್ಲಿ ಸುಣ್ಣದಂಶವಿದ್ದರೆ ಅದು ಆಮ್ಲವನ್ನು ಹೀರಿ, ಅದರ ಕಸುವು ಮುರಿದು, ಒಣಗಿಯೇ ಇರುತ್ತದೆ. ಈ ಬೂದಿಯಲ್ಲಿ ಸುಣ್ಣ ಕಡಿಮೆ. ಆಮ್ಲ ಕಣಗಳ ಮೇಲೆ ಪಸೆಯಾಗಿ ನಿಂತು, ಒಂದಕ್ಕೊಂದು ಅಂಟಿಸಿ, ಆಲಿಕೆಯೊಳಗೆ ಕಮಾನು ಕಟ್ಟಿಬಿಟ್ಟಿತ್ತು. ಕೆಳಗೆ ಖಾಲಿ, ಮೇಲೆ ಕೆಂಡದಂಥ ಬೂದಿ. ಇದನ್ನು ಲ್ಯಾಬಿನ ಹುಡುಗಿ ನನಗೆ ಹೇಳಿದ್ದು ಎಲ್ಲ ಮುಗಿದ ಮೇಲೆ.

ಕೆಂಪಮ್ಮ ಕೊಡತಿ ಬೀಸಿದಳು. ಟಣ್ ಎಂದಿತು.

"ನಮ್ಮತ್ತೆ ಅಕ್ಕಿ ಡಬ್ಬ ಇದ್ದಂಗೈತೆ, ಬರೀ ಸದ್ದು," ಎಂದು ನಮ್ಮನ್ನು ನಗಿಸಿ ತಾನೇ ಬಾಗಿಲು ತೆಗೆದಳು. ಸಲಾಕೆ ತಾಗಿದ್ದೇ ಕಮಾನು ಕುಸಿದು ಅವಳ ಮುಖಕ್ಕೆ ಸುರಿಯಿತು.

"ಕಣ್ಣು! ಅಯ್ಯೋ, ನನ್ ಕಣ್ಣು ಲಾ!"

ನಮ್ಮ ಕೆಲಸ ನೋಡಿಕೊಳ್ಳುವ ಮೇಸ್ತ್ರಿ ಓಡಿ ಬಂದ. "ಮೊದಲ್ಲ ಕದವೆ ಮೂಡು!" ಎಂದು ತಮಿಳಿನಲ್ಲಿ ಕೂಗಿದ. ಮೊದಲು ಬಾಗಿಲು ಮುಚ್ಚಿದರು, ಆಮೇಲೆ ಅವಳಿಗೆ ನೀರು.

ಎರಡು ಕಣ್ಣೂ ಹೋದವೆಂದು ಸೇಲಂ ಆಸ್ಪತ್ರೆಯಲ್ಲಿ ಹೇಳಿದರು. "ಯಾರ್ ಯೋಳಿದ್ರು ತೆಗೆಯಾಕೆ?" ಎಂದ ಮೇಸ್ತ್ರಿ. ಪರಿಹಾರವೆಂದು ಕೊಟ್ಟದ್ದು ಒಂದೇ: ಅವಳ ಸೊಸೆ ಮುನಿಯಮ್ಮನಿಗೆ ಅದೇ ಬಾಗಿಲ ಮುಂದೆ ಕೆಲಸ.

"ಇವತ್ತು ಯಾವ ಕಲ್ಲಿದ್ದಲಣ್ಣಾ?" ಎಂದು ಮುನಿಯಮ್ಮ ಮೊದಲ ದಿನವೇ ಮೇಸ್ತ್ರಿಯನ್ನು ಕೇಳಿದಳು.

"ಕಲೆಕ್ಟರಾ ನೀನು? ತೆಗೀತೀಯಾ, ಮನೇಗ್ ಓಯ್ತೀಯಾ?"

ತೆಗೆದಳು. ಅವತ್ತು ಒಳಗೆ ನಿಜವಾಗಿಯೂ ಖಾಲಿಯಿತ್ತು.

"ನೋಡ್ದ್ಯಾ? ಸುಮ್ನೆ ಬಯ!" ಮೇಸ್ತ್ರಿ ನಕ್ಕ. ಮುನಿಯಮ್ಮನೂ ನಕ್ಕಳು.

ಆ ಕೆಲಸ ನನಗೆ ಕಲಿಸಿದ್ದು ಇಷ್ಟೇ, ಮಕ್ಕಳೇ. ಏನೂ ಆಗದ ದಿನಗಳನ್ನು ತೋರಿಸಿಯೇ ನಮ್ಮನ್ನು ಆ ಬಾಗಿಲಿಗೆ ಒಗ್ಗಿಸುತ್ತಾರೆ.