ಸೊಟ್ಟ ಬೆರಳಿನ ‘ನೀಡ್ ನಾಟ್’

ಅಕ್ಕೋರ ಬಲಗೈ ಕಿರುಬೆರಳು ಕುಡುಗೋಲಿನಂತೆ ಸೊಟ್ಟಗಿತ್ತು. ಸಣ್ಣವರಿದ್ದಾಗ ಬಾಗಿಲಿಗೆ ಸಿಕ್ಕು ಮುರಿದದ್ದಂತೆ. ಬೇರೆಯವರಾಗಿದ್ದರೆ ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದರು. ಇವರು ಅದನ್ನೇ ಎತ್ತಿ ಇಂಗ್ಲಿಷ್ ಕಲಿಸುತ್ತಿದ್ದರು.

ಶಾಲೆಯ ನೌಕರಿಯಿಂದ ನಿವೃತ್ತರಾದ ಮೇಲೆ ಅವರು ಯಮಕನಮರಡಿಯಲ್ಲಿ ನಮ್ಮ ಬಾಜೂ ಮನೆಗೆ ಬಂದರು. ಆಗ ನನ್ನ ಮೊಮ್ಮಗಳು ಪಿಯುಸಿಯಲ್ಲಿ ಇಂಗ್ಲಿಷ್ ಒಂದರಲ್ಲೇ ಫೇಲಾಗಿ ಕೂತಿದ್ದಳು. ಮರುಪರೀಕ್ಷೆಯಲ್ಲೂ ಹೋದರೆ ಓದು ಬಂದ್, ಲಗ್ನವೇ ಎಂದು ನನ್ನ ಮಗ ಹೇಳಿಬಿಟ್ಟಿದ್ದ.

ನಾನು ಓದಿದ್ದು ಎರಡನೇ ಇಯತ್ತೆ. ನಮ್ಮ ಕಟ್ಟೆಯ ಮೇಲೆ ಪಾಠ ನಡೆಯುವಾಗ ಶೇಂಗಾ ಸುಲಿಯುತ್ತ ಕೇಳುತ್ತಿದ್ದೆ. ಮಾಡಲೇಬೇಕು ಎನ್ನುವುದಕ್ಕೆ ‘ಮಸ್ಟ್’, ಅಕ್ಕೋರು ಮುಷ್ಟಿ ಬಿಗಿಯುವರು. ಮಾಡಲೇಬಾರದು ಎನ್ನುವುದಕ್ಕೆ ‘ಮಸ್ಟ್ ನಾಟ್’, ಅಂಗೈ ಅಡ್ಡ ಹಿಡಿಯುವರು. ಮಾಡದಿದ್ದರೂ ನಡೆಯುತ್ತದೆ ಎನ್ನುವುದಕ್ಕೆ ‘ನೀಡ್ ನಾಟ್’. ಆಗ ಆ ಸೊಟ್ಟ ಬೆರಳು ಮೇಲೇಳುವುದು.

“ಒಂದೊಂದಕ್ಕ ನಿಮ್ಮ ಮನಿ ಮಾತ ಹೇಳವಾ,” ಎಂದರು ಒಂದು ದಿನ. ಹುಡುಗಿ ಮೊದಲಿನವೆರಡಕ್ಕೆ ಪಟಪಟ ಹೇಳಿದಳು. ಕಸ ಹೊಡೆಯಬೇಕು, ರೊಟ್ಟಿ ಬಡಿಯಬೇಕು, ಅಂಗಳದಲ್ಲಿ ನಿಂತು ನಗಬಾರದು. ಮೂರನೆಯದಕ್ಕೆ ಬಾಯಿ ಕಟ್ಟಿತು.

“ಯಾಕವಾ? ಇದು ಬೇಕಾಗಿಲ್ಲ, ಬಿಡು ಅಂತ ನಿನಗ ಯಾರೂ ಅಂದಿಲ್ಲೇನು?”

“ಇಲ್ರಿ ಅಕ್ಕೋರ.”

ಅಕ್ಕೋರು ನನ್ನ ಕಡೆ ತಿರುಗಿದರು. “ಹೌದೇನ್ರಿ ಆಯಿ?”

“ಹೆಣ್ಣ ಹುಡುಗಿಗಿ ಹಂಗ ಯಾರ ಅಂತಾರ್ರಿ? ನನಗೂ ಯಾರೂ ಅಂದಿಲ್ಲ.”

“ಹಂಗಾದ್ರ ಈ ಪಾಠ ನಿಮಗ. ದಿನಾ ಒಂದ ಕೆಲಸಕ್ಕರ ಆಕಿಗಿ ಬೇಕಾಗಿಲ್ಲ ಅನ್ರಿ. ಇಲ್ಲಾಂದ್ರ ಇದು ಆಕಿ ತಲ್ಯಾಗ ಇಳಿಯಾಂಗಿಲ್ಲ.”

ಮುದುಕಿಗೆ ಹೋಮ್‌ವರ್ಕ್ ಕೊಟ್ಟ ಹೆಂಗಸು! ಸಿಟ್ಟು ಬಂತು. ಆದರೂ ಮರುದಿನ ರೊಟ್ಟಿ ನಾನೇ ಬಡಿದೆ.

ಪರೀಕ್ಷೆ ಹತ್ತಿರ ಬಂದಾಗ ತುಕ್ಕಾನಟ್ಟಿಯಿಂದ ಕನ್ಯೆ ನೋಡಲು ಬಂದರು. ಮಗ ನನಗೂ ಹೇಳದೆ ಕರೆಸಿದ್ದ. ಹುಡುಗಿ ತಲೆ ಮೇಲೆ ಸೆರಗು ಹೊದ್ದು, ಚುರಮುರಿ ತಾಟು ಹಿಡಿದು ಹೊರಗೆ ಬರುವುದು ನಮ್ಮಲ್ಲಿ ಪದ್ಧತಿ. ಬಂದಳೆಂದರೆ ಅರ್ಧ ಒಪ್ಪಿದ ಹಾಗೆ. ಅಡುಗೆಮನೆಗೆ ಹೋದೆ. ತಾಟು ಆಗಲೇ ಅವಳ ಕೈಗೆ ಬಂದಿತ್ತು. ಕಸಿದುಕೊಂಡು, ನಾನೇ ತಂದು ಬಂದವರ ಮುಂದೆ ಇಟ್ಟೆ.

“ಕನ್ಯಾ ಎಲ್ಲೈತ್ರಿ?” ಎಂದರು ಅವರ ಹಿರಿಯರು.

“ಓದಾಕತ್ತೈತಿ. ಹೊರಗ ಬರೂದು ಬೇಕಾಗಿಲ್ಲ. ಚುರಮುರಿ ತಿನ್ರಿ, ಮೆತ್ತಗಾಗ್ತಾವು.”

“ಯವ್ವಾ, ಮರ್ಯಾದಿ!” ಎಂದ ಮಗ.

“ಅದನ್ನ ನಾ ನೋಡ್ಕೋತೇನಿ. ನೀ ಹೋಗಿ ಚಾ ತಗೊಂಡ ಬಾ.”

ಅವರ ಗಾಡಿ ತಿರುವು ದಾಟಿದ ಮೇಲೆ ಉಸಿರು ಬಿಟ್ಟೆ. ಬಾಜೂ ಕಟ್ಟೆಯ ಮೇಲೆ ಅಕ್ಕೋರು ಕೂತಿದ್ದರು. ಸೊಟ್ಟ ಬೆರಳು ಎತ್ತಿ ತೋರಿಸಿದರು, ಅಷ್ಟೇ. ಹುಡುಗಿ ಹುಕ್ಕೇರಿಗೆ ಹೋಗಿ ಪರೀಕ್ಷೆ ಬರೆದು ಪಾಸಾದಳು. ಈಗ ಗೋಕಾಕದಲ್ಲಿ ನರ್ಸಿಂಗ್ ಕಲಿಯುತ್ತಿದ್ದಾಳೆ.

ಹೋದ ವರ್ಷ ಅಕ್ಕೋರು ಹಾಸಿಗೆ ಹಿಡಿದರು, ಮಾತೂ ನಿಂತಿತು. ನಾನು ಗಂಜಿ ಒಯ್ಯುತ್ತಿದ್ದೆ. ಒಂದು ಬೆಳಿಗ್ಗೆ ನನ್ನನ್ನು ಕಂಡದ್ದೇ ಆ ಬೆರಳು ಎತ್ತಿದರು, ನೀವು ದಿನಾ ಬರುವುದು ಬೇಕಾಗಿಲ್ಲ ಎಂದು. ನಾನು ಮುಷ್ಟಿ ಬಿಗಿದು ತೋರಿಸಿದೆ. ನಕ್ಕು ಗಂಜಿಗೆ ಬಾಯಿ ತೆರೆದರು.

ಅದೇ ವಾರ ಹೋದರು. ನರಳಲಿಲ್ಲ, ಅಷ್ಟು ಸಮಾಧಾನ. ಮಣ್ಣಿಗೆ ಬಂದ ಮೊಮ್ಮಗಳು, ಕಣ್ಣು ಒರೆಸಿಕೊಳ್ಳುತ್ತಲೇ ಅಷ್ಟೂ ಜನಕ್ಕೆ ಚಾ ಮಾಡಲು ಎದ್ದಳು. ನಾನು ಕೂತಲ್ಲಿಂದಲೇ ಕಿರುಬೆರಳು ಎತ್ತಿದೆ.

ಕೂತಳು.