ಓನರಮ್ಮ ಅಳಲಿಲ್ಲ

ನಮ್ಮ ಓನರಮ್ಮನಿಗೆ ಹುಬ್ಬುಗಳೇ ಇರಲಿಲ್ಲ. ಹದಿನೆಂಟನೇ ವಯಸ್ಸಿನಲ್ಲಿ ಮದ್ರಾಸಿನ ಸ್ಟುಡಿಯೋದವರು ಮೇಕಪ್ಪಿಗೆಂದು ಬೋಳಿಸಿದ್ದು, ಮತ್ತೆ ಸರಿಯಾಗಿ ಬೆಳೆಯಲೇ ಇಲ್ಲವಂತೆ. ಎಪ್ಪತ್ತು ದಾಟಿದ ಮೇಲೂ ಕಪ್ಪು ಪೆನ್ಸಿಲ್ಲಿನಲ್ಲಿ ಎರಡು ಕಮಾನು ಬರೆದುಕೊಂಡೇ ಬೆಳಿಗ್ಗೆ ಹಾಲಿಗೆ ಬಾಗಿಲು ತೆಗೆಯುತ್ತಿದ್ದರು. ಅವಸರದಲ್ಲಿ ಒಂದು ಮೇಲೆ ಹೋಯಿತೋ, ದಿನವಿಡೀ ಯಾರ ಮೇಲೋ ಅನುಮಾನ ಪಡುವವರಂತೆ ಕಾಣುತ್ತಿದ್ದರು.

ಬಾಗಲಗುಂಟೆಯ ಅವರ ಮನೆಯ ತಾರಸಿಯಲ್ಲಿ, ತಗಡು ಹೊದಿಸಿದ ಒಂಟಿ ಶೀಟ್ ರೂಮಿನಲ್ಲಿ ನಾನು ಆರು ವರ್ಷ ಬಾಡಿಗೆಗಿದ್ದೆ. ಗದಗದ ಕಡೆಯಿಂದ ಬಂದು ಪೀಣ್ಯದ ಸಣ್ಣ ಕಾರ್ಖಾನೆಯೊಂದರಲ್ಲಿ ಬೋಲ್ಟುಗಳ ಅಳತೆ ನೋಡುವ ಕೆಲಸ ಮಾಡುತ್ತಿದ್ದೆ. ಹೊಸತರಲ್ಲಿ, "ನೀವು ಸಿನಿಮಾದಾಗ ಇದ್ರಂತಲ್ರೀ?" ಎಂದು ಬಾಯಿಬಿಟ್ಟು ಕೇಳಿದ್ದೆ.

"ಮೂರೇ ಪಿಕ್ಚರ್ ಕಣೇ. ಮೂರರಲ್ಲೂ ಅಳೋದೇ ಕೆಲಸ. ಒಂದರಲ್ಲಿ ಗಂಡ ಸತ್ತ, ಇನ್ನೊಂದರಲ್ಲಿ ಮಗು ಹೋಯ್ತು, ಮೂರನೇದರಲ್ಲಿ ನಾನೇ ಸತ್ತೆ" ಎಂದು ನಕ್ಕಿದ್ದರು.

ಆಮೇಲೆ ಅವರು ಸರ್ಕಾರಿ ಕಾರ್ಖಾನೆಗೆ ಸೇರಿ ಮೂವತ್ತು ವರ್ಷ ಟೆಲಿಫೋನ್ ಜೋಡಿಸಿದರು. ಆ ದುಡಿಮೆಯಿಂದಲೇ ಈ ಮನೆ ಕಟ್ಟಿಸಿದ್ದು. ಸಿನಿಮಾಕ್ಕಿಂತ ಆ ಮಾತೆತ್ತಿದಾಗಲೇ ಅವರ ಮುಖ ಅರಳುತ್ತಿತ್ತು. "ನನ್ನ ಕೈಯಿಂದ ಹೋದ ಫೋನು ರಿಪೇರಿಗೆ ಅಂತ ಲೈನಿಗೆ ವಾಪಸ್ ಬಂದಿದ್ದೇ ಇಲ್ಲ!" ಎನ್ನುತ್ತಿದ್ದರು. ಅದರಲ್ಲಿ ಸ್ವಲ್ಪ ಉತ್ಪ್ರೇಕ್ಷೆ ಇದ್ದೀತು, ಇರಲಿ.

ಎಡವಟ್ಟು ಮಾಡಿದವಳು ನಾನು. ಟಿವಿಯಲ್ಲಿ ಹಳೆಯ ಕಲಾವಿದರ ಕಾರ್ಯಕ್ರಮ ನೋಡಿ, ಅವರನ್ನು ಕೇಳದೆಯೇ ಚಾನೆಲ್ಲಿಗೆ ಫೋನ್ ಮಾಡಿಬಿಟ್ಟೆ. ನಾಡಿನವರೆಲ್ಲ ಅವರನ್ನು ಇನ್ನೊಮ್ಮೆ ನೋಡಲಿ ಎಂಬ ಆಸೆ. ವಿಷಯ ತಿಳಿದು ಬೈದರು. ಆದರೂ ಚಾನೆಲ್ಲಿನವರು ಬರುವ ದಿನ ರೇಷ್ಮೆ ಸೀರೆ ಉಟ್ಟು, ಬಳೆ ತೊಟ್ಟು, ಹುಬ್ಬನ್ನು ಎರಡು ಸಲ ಅಳಿಸಿ ಬರೆದುಕೊಂಡರು. ಅವರಿಗೂ ಆಸೆಯಿತ್ತು.

ಬಂದ ಹುಡುಗರು ಫ್ರಿಜ್ಜಿಗೆ ಬೆಡ್‌ಶೀಟ್ ಹೊದಿಸಿದರು. ಬಳೆ ತೆಗೆಯಿರಿ ಎಂದರು. ಆಮೇಲೆ ಅವರಲ್ಲೊಬ್ಬ, "ಮೇಲೆ ಶೀಟ್ ರೂಮ್ ಇದ್ಯಲ್ಲಮ್ಮ, ಅಲ್ಲಿ ಕೂತ್ಕೊಳ್ಳಿ. ನೀವು ಅಲ್ಲೇ ಇರೋದು ಅಂತ ತೋರಿಸ್ತೀವಿ. ಹಳೇದೆಲ್ಲ ನೆನಸ್ಕೊಂಡು ಸ್ವಲ್ಪ ಕಣ್ಣೀರು ಬಂದ್ರೆ ಸಾಕು" ಎಂದ.

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಓನರಮ್ಮ ಮಾತ್ರ ಕುರ್ಚಿಯಿಂದ ಏಳಲಿಲ್ಲ.

"ಅದು ಇವಳ ಮನೆ ಕಣಪ್ಪ. ಇವಳು ಅಯ್ಯೋ ಪಾಪ ಅನ್ನಿಸ್ಕೊಳ್ಳೋಳಲ್ಲ, ದುಡಿಯೋಳು. ನಾನೂ ಅಷ್ಟೇ. ಅತ್ತತ್ತು ಸಾಕಾಗಿ ಸಿನಿಮಾ ಬಿಟ್ಟವಳು ನಾನು. ಫ್ಯಾಕ್ಟರಿ ವಿಷಯ ಕೇಳು, ಸಾಯಂಕಾಲದವರೆಗೂ ಹೇಳ್ತೀನಿ."

ಯಾರೂ ಕೇಳಲಿಲ್ಲ. ಕಾಫಿ ಕುಡಿದು, ಕ್ಯಾಮೆರಾ ಎತ್ತಿಕೊಂಡು ಹೋದರು. ಫ್ರಿಜ್ಜಿನ ಮೇಲಿನ ಬೆಡ್‌ಶೀಟ್ ತೆಗೆದವಳು ನಾನೇ. "ತಪ್ಪಾತ್ರೀ" ಎಂದೆ. "ಅನ್ನಕ್ಕಿಡು ಹೋಗು" ಎಂದರು. ಅಲ್ಲಿಯವರೆಗೆ ನಾನಿರುವುದು ಶೀಟ್ ರೂಮಿನಲ್ಲಿ ಎಂದು ಊರಿನಲ್ಲಿ ಹೇಳಿರಲಿಲ್ಲ. ಆ ತಿಂಗಳೇ ಅವ್ವನನ್ನು ಕರೆಸಿ ಅಲ್ಲೇ ಇರಿಸಿಕೊಂಡೆ.

ನಾಲ್ಕು ವರ್ಷದ ನಂತರ ಒಂದು ಬೆಳಿಗ್ಗೆ ಓನರಮ್ಮ ತೀರಿಕೊಂಡರು. ಸುದ್ದಿ ಹೇಗೆ ತಲುಪಿತೋ, ಮಧ್ಯಾಹ್ನ ಅದೇ ಚಾನೆಲ್ಲಿನಿಂದ ನನಗೆ ಫೋನು. "ಕೊನೆಗಾಲದಲ್ಲಿ ತುಂಬಾ ಕಷ್ಟಪಟ್ರಂತೆ, ಹೌದಾ ಮೇಡಂ?"

"ಇಲ್ರೀ. ಎರಡು ಇಡ್ಲಿ ತಿಂದು ಪೇಪರ್ ಓದ್ಕೋತ ಹೋಗ್ಯಾರ. ಮೂವತ್ತು ವರ್ಷ ಫ್ಯಾಕ್ಟರ್ಯಾಗ ಫೋನ್ ಜೋಡಿಸ್ಯಾರ, ಅದನ್ನ ಹಾಕ್ತೀರೇನ್ರಿ?"

ಆಮೇಲೆ ಫೋನ್ ಮಾಡುತ್ತೇವೆಂದು ಹೇಳಿ ಇಟ್ಟರು. ಸಂಜೆ ಟಿವಿಯಲ್ಲಿ ಏನೂ ಬರಲಿಲ್ಲ. ನಾನು ಅದನ್ನು ಆರಿಸಿ, ಬಾಗಿಲು ಹಾಕಿಕೊಂಡು ಮನಸಾರೆ ಅತ್ತೆ.